ಮನೆಯವರು ಬರೆದುಕೊಟ್ಟ ಹಾಗೆ

ವಿಕ್ಟೋರಿಯಾ ಸರೋವರದ ಪಡುವಣ ದಡದ ಊರುಗಳಲ್ಲಿ ಪೆರೂಸಿ ನಾಂತೇಜಾಳ ಮುಖ ಕಂಡವರಿಗಿಂತ ದನಿ ಕೇಳಿದವರೇ ಹೆಚ್ಚು. ಆ ದನಿ ಬಂತೆಂದರೆ ಬಾಳೆಕಾಯಿ ಹೆರೆಯುತ್ತಿದ್ದ ಹೆಂಗಸರು ಚಾಕು ಕೆಳಗಿಡುತ್ತಿದ್ದರು, ಬೈಕ್ ಬಾಡಿಗೆಯ ಹುಡುಗರು ಎಂಜಿನ್ ಆರಿಸುತ್ತಿದ್ದರು. ಎಂಗಾಲಿ ರೇಡಿಯೋದಲ್ಲಿ ಸಾವಿನ ಸುದ್ದಿ ಓದುವುದು ಅವಳ ಕೆಲಸ. ಸತ್ತವರು ಯಾರು, ಯಾರ ಮಗ, ಯಾವ ಕುಲ, ಮಣ್ಣು ಎಲ್ಲಿ, ಎಷ್ಟು ಹೊತ್ತಿಗೆ. ಆಮೇಲೆ ಕಂಪಾಲಾದಲ್ಲೋ ದ್ವೀಪಗಳಲ್ಲೋ ಚದುರಿಹೋದ ನೆಂಟರ ಹೆಸರುಗಳು, ಕೊನೆಗೆ ‘ಎಲ್ಲಿದ್ದರೂ ಹೊರಟು ಬರಬೇಕು’ ಎಂಬ ಮಾತು.

ಅವಳು ಈ ಕೆಲಸಕ್ಕೆ ಬಂದದ್ದು ಜಗಳದಿಂದ. ಮೊದಲು ಮನೆಯ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅಣ್ಣ ಕಂಪಾಲಾದಲ್ಲಿ ತೀರಿಕೊಂಡಾಗ ರೇಡಿಯೋದವನು ಮೀನಿನ ಕುಲದವನನ್ನು ಮಂಗನ ಕುಲ ಎಂದು ಓದಿಬಿಟ್ಟ. ಯಾರೋ ಬೇರೆಯವರು ಸತ್ತಿರಬೇಕೆಂದು ಅರ್ಧ ನೆಂಟರು ಮಣ್ಣಿಗೇ ಬರಲಿಲ್ಲ. ಸೂತಕ ಕಳೆದ ಮರುದಿನ ಪೆರೂಸಿ ಸೊಂಟಕ್ಕೆ ಬಟ್ಟೆ ಬಿಗಿದು ರೇಡಿಯೋ ಕಚೇರಿಗೆ ಹೋಗಿ ಬಾಗಿಲಲ್ಲೇ ನಿಂತಳು.

“ನಮ್ಮಣ್ಣನ ಕುಲ ಕೆಡಿಸಿದವನು ಯಾವನು? ಈಚೆ ಕಳಿಸಿ ಅವನನ್ನ.”

ರೇಡಿಯೋದ ಯಜಮಾನ ಹಾಜಿ ಕಸುಜ್ಜಾ ಮೂಲತಃ ಕಾಫಿ ವ್ಯಾಪಾರಿ. ಅವನು ನಕ್ಕುಬಿಟ್ಟ. “ಕಳಿಸಿದ್ರೆ ಹೊಡೀತೀಯಾ?”

“ಹೊಡೆಯಲ್ಲ. ಓದೋದು ಕಲಿಸ್ತೀನಿ.”

“ಹಾಗಾದ್ರೆ ನೀನೇ ಓದು ತಾಯಿ. ಅವನಿಗೆ ಫುಟ್‌ಬಾಲ್ ಬಿಟ್ಟರೆ ಬೇರೇನೂ ಬೇಡ.”

ಹಾಗೆ ಕೂತವಳು ಅಲ್ಲೇ ತಲೆ ನರೆಸಿಕೊಂಡಳು. ಅವಳು ಸೇರಿದ್ದು ಜನ ಒಣಗಿ ಕಡ್ಡಿಯಾಗಿ ಸಾಯುತ್ತಿದ್ದ ಕಾಲದಲ್ಲಿ. ಆ ರೋಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಂದ ಚೀಟಿಗಳಲ್ಲೆಲ್ಲ ‘ಅಲ್ಪಕಾಲದ ಅಸೌಖ್ಯದಿಂದ’ ಎಂದೇ ಇರುತ್ತಿತ್ತು. ಸುದ್ದಿ ವಿಭಾಗದ ಕಬೂಯೆ ಅವಳನ್ನು ಕೆಣಕುತ್ತಿದ್ದ.

“ದೊಡ್ಡಮ್ಮ, ನಾಲ್ಕು ವರ್ಷ ಹಾಸಿಗೆ ಹಿಡಿದವನಿಗೂ ಅಲ್ಪಕಾಲವಾ?”

“ಸಾವು ಅವರ ಮನೇದು ಕಣೋ. ಮಾತೂ ಅವರದ್ದೇ. ನಮ್ಮದು ಬಾಯಿ ಮಾತ್ರ.”

ಕಬೂಯೆ ಒಳ್ಳೆಯ ಪತ್ರಕರ್ತ. ಆದರೆ ಒಮ್ಮೆ ಜಮೀನು ಕಬಳಿಕೆಯ ಮೇಲೆ ಚರ್ಚೆ ಏರ್ಪಡಿಸಿದ್ದಕ್ಕೆ ಅಧಿಕಾರಿಗಳು ಬಂದು ಪ್ರಸಾರ ಯಂತ್ರದ ಕೋಣೆಗೆ ಬೀಗ ಜಡಿದು ಹೋಗಿದ್ದರು. ಬೀಗ ತೆಗೆಸಲು ಹಾಜಿ ಯಾರ್ಯಾರ ಕಾಲು ಹಿಡಿದನೋ. ಅಂದಿನಿಂದ ಕಬೂಯೆಯ ಸುದ್ದಿಯಲ್ಲಿ ಸಚಿವರು ಸೇತುವೆ ಉದ್ಘಾಟಿಸುತ್ತಿದ್ದರು, ಕಾಫಿಯ ಧಾರಣೆ ಏರುತ್ತಿತ್ತು, ಇಳಿಯುತ್ತಿತ್ತು. ಬೇರೇನೂ ಆಗುತ್ತಿರಲಿಲ್ಲ.

ಹೀಗಿರುವಾಗ ಒಂದು ವರ್ಷ ಸರೋವರದಲ್ಲಿ, ಮರಿಮೀನು ಹಿಡಿಯುತ್ತಾರೆಂದು ಸಣ್ಣ ಬಲೆ, ಸಣ್ಣ ದೋಣಿಗಳನ್ನು ಜಪ್ತಿ ಮಾಡುವ ಸರ್ಕಾರಿ ಗಸ್ತಿನವರ ಹಾವಳಿ ಜೋರಾಗಿತ್ತು. ದೋಣಿಗಳನ್ನು ದಡಕ್ಕೆಳೆದು ಸುಡುತ್ತಿದ್ದರು. ಅಡ್ಡ ಬಂದವರ ಬೆನ್ನು ಮುರಿಯುತ್ತಿದ್ದರು. ಇದು ಎಲ್ಲರಿಗೂ ಗೊತ್ತಿತ್ತು, ರೇಡಿಯೋದಲ್ಲಿ ಮಾತ್ರ ಇರಲಿಲ್ಲ.

ಒಂದು ಬೆಳಗ್ಗೆ ಬುಗೊಂಜಾ ದಡದಿಂದ ಎಸೇಜಾ ಎಂಬ ಹೆಂಗಸು ಬಂದಳು. ಕೂದಲು ಕೆದರಿತ್ತು, ಕಾಲಲ್ಲಿ ಕೆಸರು. ಸೀಸದಕಡ್ಡಿಯಲ್ಲಿ ತಾನೇ ಬರೆದ ಗಂಡನ ಸಾವಿನ ಚೀಟಿ ಮುಂದಿಟ್ಟಳು. ಚೀಟಿ ತೆಗೆದುಕೊಳ್ಳುವ ಹುಡುಗಿ ಅದನ್ನು ಓದಿ ಮುಟ್ಟಲೊಲ್ಲದೆ ಹಾಜಿಯನ್ನು ಕೂಗಿದಳು. ‘ಬುಗೊಂಜಾ ದಡದ ಲುಟಾಲೋ, ಗಸ್ತಿನವರ ಹೊಡೆತದಿಂದ, ಅವರದ್ದೇ ಕೊಠಡಿಯಲ್ಲಿ ತೀರಿಕೊಂಡಿದ್ದಾನೆ’ ಎಂದಿತ್ತು ಅದರಲ್ಲಿ.

ಹಾಜಿ ದನಿ ತಗ್ಗಿಸಿದ. “ನೋಡಮ್ಮ, ನಿನ್ನ ದುಃಖ ನನಗೆ ಅರ್ಥ ಆಗುತ್ತೆ. ಅಸೌಖ್ಯ ಅಂತ ಬರೆದುಬಿಡು. ಜನ ಮಣ್ಣಿಗೆ ಬರೋದು ತಾನೆ ಮುಖ್ಯ?”

“ಮೊನ್ನೆ ಬೆಳಗ್ಗೆ ಹಾಡು ಹೇಳ್ಕೊಂಡು ದೋಣಿಯ ಬಿರುಕು ಮುಚ್ತಾ ಕೂತಿದ್ದ. ಯಾವ ಅಸೌಖ್ಯ ಹಾಜಿಯವರೇ? ಹೆಸರು ಹೇಳಿ, ಬರ್ಕೋತೀನಿ.”

ಕಬೂಯೆ ಗೋಡೆಗೊರಗಿ ನೆಲ ನೋಡುತ್ತಿದ್ದ. ಹಿಂದಿನ ದಿನ ಅವನು ಬುಗೊಂಜಾಕ್ಕೆ ಹೋಗಿ ಹೆಣ ಕಂಡು ಬಂದಿದ್ದ. ಬರೆದ ವರದಿಯನ್ನು ಹಾಜಿ ತನ್ನ ಮೇಜಿನೊಳಗೆ ಸೇರಿಸಿಬಿಟ್ಟಿದ್ದ.

ಎಸೇಜಾ ಪೆರೂಸಿಯ ಕಡೆ ತಿರುಗಿದಳು. “ದೊಡ್ಡಮ್ಮ, ನಮ್ಮತ್ತೆ ಸತ್ತಾಗ ನೀವೇ ಓದಿದ್ರಿ. ನಾವು ಬರೆದದ್ದು ಒಂದಕ್ಷರ ಬಿಡದೆ ಓದಿದ್ರಿ.”

ಪೆರೂಸಿ ಚೀಟಿ ತೆಗೆದುಕೊಂಡು ಮಿಕ್ಕ ಚೀಟಿಗಳ ನಡುವೆ ಸೇರಿಸಿದಳು. ಹಾಜಿ ‘ಅಸೌಖ್ಯ, ಗೊತ್ತಾಯ್ತಲ್ಲ’ ಎಂದು ಬೆರಳು ತೋರಿಸಿ ಹೊರಗೆ ಹೋದ. ಅವಳು ಚೀಟಿಗಳನ್ನೆತ್ತಿಕೊಂಡು ಮೈಕಿನ ಕೋಣೆಗೆ ನಡೆದಳು.

ಮೈಕಿನ ಮುಂದೆ ಕೂತಾಗ ಅವಳಿಗೆ ಧೈರ್ಯವೇನೂ ಬಂದಿರಲಿಲ್ಲ. ಮೊದಲು ಒಬ್ಬ ಮುದುಕಿಯ ಸಾವು ಓದಿದಳು. ಆಮೇಲೆ ಲುಟಾಲೋನ ಚೀಟಿ ಬಂತು. ‘ಅಸೌಖ್ಯ’ ಎಂಬ ಮಾತು ನಾಲಗೆಯ ತುದಿಗೆ ಬಂದದ್ದು ನಿಜ, ಅಭ್ಯಾಸ ಬಲ ಅದು. ಆದರೆ ಚೀಟಿಯಲ್ಲಿ ಆ ಮಾತು ಇರಲಿಲ್ಲ. ಇದ್ದದ್ದನ್ನು ಓದಿದಳು. ಆಮೇಲೆ ಒಬ್ಬ ಪಾದ್ರಿಯದ್ದು ಓದಿದಳು. ಗಾಜಿನಾಚೆ ಮರಗೆಣಸು ತಿನ್ನುತ್ತಿದ್ದ ಯಂತ್ರದವನು ಹಾಗೇ ಬಾಯಿ ತೆರೆದುಕೊಂಡು ಕೂತಿದ್ದ.

ಹಾಜಿ ಅದನ್ನು ಕೇಳಿದ್ದು ಕಾರಿನಲ್ಲಿ. ಅರ್ಧ ದಾರಿಯಿಂದ ವಾಪಸು ಬಂದ.

“ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ ಪೆರೂಸಿ! ಇಷ್ಟು ವರ್ಷ ಅನ್ನ ಹಾಕಿದ್ದಕ್ಕಾ?”

“ಇಷ್ಟು ವರ್ಷ ಓದಿದ ಹಾಗೇ ಓದಿದೆ ಹಾಜಿಯವರೇ.”

“ಅದೇ ನಿನ್ನ ತಪ್ಪು. ಇವತ್ತು ಬೇರೆ ಥರ ಓದಬೇಕಾಗಿತ್ತು!”

ಮಣ್ಣಿನ ದಿನ ಬುಗೊಂಜಾ ದಡದಲ್ಲಿ ದೋಣಿ ನಿಲ್ಲಿಸಲು ಜಾಗ ಇರಲಿಲ್ಲ. ಲುಟಾಲೋನನ್ನು ಕಂಡು ಕೇಳರಿಯದವರೂ ದೂರದ ದಡಗಳಿಂದ ಬಂದಿದ್ದರು. ವಾರದೊಳಗೆ ಇನ್ನೂ ಎರಡು ಮನೆಯವರು ಚೀಟಿ ತಂದರು. ಅವರ ಮನೆಯ ಸಾವುಗಳು ಹಳೆಯವು, ಹಿಂದೆ ಅಸೌಖ್ಯವೆಂದು ಓದಿಸಿಕೊಂಡಿದ್ದವು. ‘ಸರಿಯಾಗಿ ಇನ್ನೊಂದು ಸಲ ಓದಿಸಬೇಕು’ ಎಂದರು. ಓದುವ ಹೊತ್ತಿಗೆ ಪ್ರಸಾರ ಯಂತ್ರದ ಕೋಣೆಗೆ ಮತ್ತೆ ಬೀಗ ಬಿದ್ದಿತ್ತು, ಪೆರೂಸಿಯನ್ನು ಠಾಣೆಗೆ ಕರೆದೊಯ್ದಿದ್ದರು.

ಅಲ್ಲಿನ ಅಧಿಕಾರಿ ಸಣ್ಣ ವಯಸ್ಸಿನವನು. ಗದರಲಿಲ್ಲ.

“ಏನಮ್ಮ, ಹೊಡೆತದಿಂದ ಸತ್ತ ಅಂತ ನಿಮಗೆ ಹೇಳಿದವರು ಯಾರು?”

“ಅವನ ಹೆಂಡತಿ.”

“ವೈದ್ಯರ ಪತ್ರ ನೋಡಿದ್ರಾ?”

“ಮಲೇರಿಯಾ ಅಂತ ಬರೆದಾಗಲೂ ನೋಡಿಲ್ಲಪ್ಪ. ಆಗ ಯಾರೂ ನನ್ನ ಕರೆಸಲಿಲ್ಲ.”

“ಮಲೇರಿಯಾ ಬಂದು ನಮ್ಮ ಹತ್ತಿರ ದೂರು ಕೊಡಲ್ಲ. ಗಸ್ತಿನವರು ಕೊಟ್ಟಿದ್ದಾರೆ,” ಎಂದ ಅವನು.

ಸಂಜೆಯವರೆಗೆ ಕೂರಿಸಿಕೊಂಡು, ಮೊಕದ್ದಮೆ ದಾಖಲಿಸಿ, ಪ್ರತಿ ಸೋಮವಾರ ಬಂದು ಸಹಿ ಹಾಕಬೇಕೆಂದು ಹೇಳಿ ಬಿಟ್ಟರು. ಬಾಗಿಲ ಬಳಿಯ ಮೇಜಿನಲ್ಲಿದ್ದ ಮಹಿಳಾ ಪೇದೆ ಅವಳ ಚೀಲ ಹಿಂತಿರುಗಿಸುತ್ತ ಪಿಸುಗುಟ್ಟಿದಳು: “ಅಮ್ಮ, ನಮ್ಮಪ್ಪ ಹೋದದ್ದು ನಿಮ್ಮ ಬಾಯಿಂದಲೇ ಕೇಳಿದ್ದು. ಅದಕ್ಕೇ ಮಣ್ಣಿಗೆ ಮೊದಲು ಮುಖ ನೋಡೋಕೆ ಸಿಕ್ಕಿತು.” ಅದರಿಂದ ಮೊಕದ್ದಮೆಗೇನೂ ಉಪಯೋಗವಾಗಲಿಲ್ಲ. ಸೋಮವಾರಗಳಲ್ಲಿ ಕೂರಲು ಒಂದು ಕುರ್ಚಿ ಸಿಗುತ್ತಿತ್ತು, ಅಷ್ಟೇ.

ರೇಡಿಯೋ ಮೌನವಾದ ಮೇಲೆ ಜನಕ್ಕೆ ದೊಡ್ಡ ಕಷ್ಟವಾದದ್ದು ಸುದ್ದಿ ಇಲ್ಲದೆಯಲ್ಲ, ಸಾವು ತಿಳಿಯದೆ. ಅಕ್ಕ ಸತ್ತದ್ದು ತಮ್ಮನಿಗೆ ಮಣ್ಣಾದ ಮೇಲೆ ತಿಳಿಯುತ್ತಿತ್ತು. ಕುಲದ ಹಿರಿಯರು ಬಾರದೆ ಸತ್ತವರ ಉತ್ತರಾಧಿಕಾರಿಯನ್ನು ಹೆಸರಿಸುವುದೇ ನಿಂತುಹೋಯಿತು. ಕೆಲವರು ಪೆರೂಸಿಯ ಜಗಲಿಗೆ ಬಂದು ಬೈದರು. “ಒಬ್ಬ ಸತ್ತವನಿಗೋಸ್ಕರ ನಮ್ಮ ಸತ್ತವರನ್ನೆಲ್ಲ ಮೂಕ ಮಾಡಿದೆಯಲ್ಲ!” ಅವಳು ಹೊಲಿಗೆ ಯಂತ್ರ ತುಳಿಯುತ್ತ ಕೇಳಿಸಿಕೊಂಡಳು. ಅವರ ಮಾತಿನಲ್ಲೂ ನ್ಯಾಯವಿದೆ ಎನಿಸುತ್ತಿತ್ತು.

ಮಳೆಗಾಲ ಕಳೆದ ಮೇಲೆ ಹಾಜಿ ಅವಳ ಮನೆಗೆ ಬಂದ. ಚಾಪೆಯ ಮೇಲೆ ಕೂತು, ಅವಳು ಕೊಟ್ಟ ಶುಂಠಿ ಚಹಾ ಕುಡಿಯತೊಡಗಿದ.

“ಬೀಗ ತೆಗೀತಾರಂತೆ. ಚೀಟಿಗಳನ್ನ ಮೊದಲು ನಾನು ತಿದ್ದಬೇಕು, ಆಮೇಲೆ ಓದಿಸಬೇಕು. ಸಹಿ ಹಾಕಿ ಬಂದೆ. ನೀನು ವಾಪಸ್ ಬಾ. ಜನ ನಿನ್ನ ದನೀನೇ ಕೇಳ್ತಾರೆ.”

“ಮನೆಯವರು ಬರೆದದ್ದಾದ್ರೆ ಓದ್ತೀನಿ. ನೀವು ಬರೆದದ್ದನ್ನ ಓದೋಕೆ ನನಗೆ ಬರಲ್ಲ.”

“ಹಟಮಾರಿ ಹೆಂಗಸು.”

“ಸಕ್ಕರೆ ಸಾಕಾ ಹಾಜಿಯವರೇ?”

ಇಬ್ಬರೂ ನಕ್ಕರು. ಆದರೆ ಅವಳು ಹೋಗಲಿಲ್ಲ. ರೇಡಿಯೋದಲ್ಲಿ ಈಗ ಬೇರೆ ಹುಡುಗಿ ಓದುತ್ತಾಳೆ, ಚೆನ್ನಾಗಿಯೇ ಓದುತ್ತಾಳೆ, ಎಲ್ಲರೂ ಅಸೌಖ್ಯದಿಂದ ಸಾಯುತ್ತಾರೆ. ಬುಗೊಂಜಾದ ಗಸ್ತಿನವರಲ್ಲಿ ಇಬ್ಬರನ್ನು ಬೇರೆ ದಡಕ್ಕೆ ವರ್ಗ ಮಾಡಿ, ವಿಚಾರಣೆ ನಡೆಸುತ್ತೇವೆಂದರು. ವಿಚಾರಣೆ ಏನಾಯಿತೆಂದು ಎಸೇಜಾಗೆ ಇಂದಿಗೂ ಯಾರೂ ತಿಳಿಸಿಲ್ಲ. ಗಸ್ತಿನವರು ಸುಟ್ಟುಹಾಕಿದ ಗಂಡನ ದೋಣಿಯ ಜಾಗದಲ್ಲಿ ಅವಳು ಹಂದರ ಹಾಕಿ ಸಣ್ಣ ಮೀನು ಒಣಗಿಸಿ ಮಾರುತ್ತಾಳೆ. ಕಬೂಯೆ ಮಾತ್ರ ಹಾಜಿ ಮುಚ್ಚಿಟ್ಟ ಆ ವರದಿಯನ್ನು ಮತ್ತೆ ಬರೆದು ಕಂಪಾಲಾದ ಪತ್ರಿಕೆಯೊಂದಕ್ಕೆ ಕೊಟ್ಟು, ಅಲ್ಲೇ ಕೆಲಸಕ್ಕೆ ನಿಂತ.

ಪೇಟೆಯ ಸಂತೆಮಾಳದಲ್ಲಿ ಕಿಗೊಂಗೋ ಎಂಬ ಕ್ಷೌರಿಕನದೊಂದು ಅಂಗಡಿ. ಅದರ ಮೇಲೆ ಎತ್ತರದ ಕಂಬ, ಕಂಬದ ತುದಿಗೆ ನಾಲ್ಕು ದಿಕ್ಕಿಗೂ ಕಹಳೆಯಂಥ ಧ್ವನಿವರ್ಧಕಗಳು. ಕಳೆದುಹೋದ ಮೇಕೆ, ಹೊಸದಾಗಿ ಬಂದ ಗೊಬ್ಬರ, ಲಸಿಕೆಯ ದಿನ, ಇಂಥವನ್ನು ಅದರಲ್ಲಿ ಸಾರುತ್ತಿದ್ದರು. ಪೆರೂಸಿ ಈಗ ಬೆಳಗಿನ ಹೊತ್ತು ಅಲ್ಲಿ ಕೂತು ಸಾವಿನ ಸುದ್ದಿ ಓದುತ್ತಾಳೆ. ದನಿ ಎದುರು ಗುಡ್ಡದ ಬಾಳೆತೋಟದವರೆಗೆ ಹೋಗುತ್ತದೆ. ಅಲ್ಲಿಂದಾಚೆಗೆ ಬೈಕಿನ ಹುಡುಗರು ಬಾಯಿಂದ ಬಾಯಿಗೆ ಒಯ್ಯುತ್ತಾರೆ. ರೇಡಿಯೋದಷ್ಟು ದೂರ ಮುಟ್ಟುವುದಿಲ್ಲ. ದ್ವೀಪಗಳಿಗಂತೂ ಇಲ್ಲವೇ ಇಲ್ಲ.

ಕೆಲವು ತಿಂಗಳಿಂದ ಠಾಣೆಯವರು ಕಂಬದ ಬುಡಕ್ಕೆ ಒಬ್ಬ ಪೇದೆಯನ್ನು ಕಳಿಸುತ್ತಿದ್ದಾರೆ. ಅವಳು ಓದಿದ್ದನ್ನೆಲ್ಲ ಬರೆದುಕೊಳ್ಳುವುದು ಅವನ ಕೆಲಸ. ಬಿಸಿಲಲ್ಲಿ ನಿಂತು ಬರೆಯುವುದನ್ನು ನೋಡಲಾರದೆ ಕಿಗೊಂಗೋ ಅವನಿಗೊಂದು ಮಣೆ ಕೊಟ್ಟಿದ್ದಾನೆ. ಸಂತೆಯ ಗದ್ದಲದಲ್ಲಿ ಅವನಿಗೆ ಹೆಸರುಗಳು ತಪ್ಪಿಹೋಗುತ್ತವೆ. ಆಗ ಕಿಟಕಿ ತಟ್ಟುತ್ತಾನೆ.

“ಅಮ್ಮ, ಆ ಮೂರನೆಯವನು ಹೇಗೆ ಸತ್ತ ಅಂದ್ರಿ?”

ಪೆರೂಸಿ ಕನ್ನಡಕ ಸರಿಮಾಡಿಕೊಂಡು, ಅವನೊಬ್ಬನಿಗೆ ಹೇಳಿದರೆ ಸಾಲದೆಂದು, ಮೈಕಿನಲ್ಲೇ ಇನ್ನೊಂದು ಸಲ ಓದುತ್ತಾಳೆ.