ಮೂವತ್ತು, ನಲವತ್ತೈದು ಮತ್ತು ಟೈಲರಮ್ಮ

ಆ ಮನೆಯಲ್ಲಿ ಒಂದು ಕತ್ತರಿಯೂ ಒಂದು ಕೈವಾರವೂ ಸಂಸಾರ ಮಾಡುತ್ತಿವೆ ಎಂದು ಬೀದಿಯವರು ಹೇಳುತ್ತಿದ್ದರು. ಕತ್ತರಿ ಎಂದರೆ ಟೈಲರಮ್ಮ. ಕೈವಾರ ಎಂದರೆ ಅವಳ ಗಂಡ, ಡಿಗ್ರಿ ಮೇಷ್ಟ್ರು. ಕತ್ತರಿ ಬಾಯಿ ತೆರೆದರೆ ಮುಂದಕ್ಕೆ ಹೋಗುತ್ತದೆ, ಕೈವಾರ ಕಾಲು ತೆರೆದರೂ ನಿಂತಲ್ಲೇ ಗಿರಕಿ ಹೊಡೆಯುತ್ತದೆ ಎಂಬುದು ಎದುರಿನ ಕ್ಷೌರದಂಗಡಿಯವನ ವ್ಯಾಖ್ಯಾನ. ಅದನ್ನು ಅವನು ಗಿರಾಕಿಯ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ಹೇಳುತ್ತಿದ್ದುದರಿಂದ ಯಾರೂ ಎದುರಾಡುತ್ತಿರಲಿಲ್ಲ.

ಮೇಷ್ಟ್ರು ಮುಂದಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದರು, ಪರೀಕ್ಷೆಗೆ ಗೈಡು ಬರೆಯುತ್ತಿದ್ದರು. ಎಲ್ಲ ಅಧ್ಯಾಯಗಳನ್ನೂ ಬರೆದರೂ ಅವರ ಜೀವ ಇದ್ದದ್ದು ಒಂದರಲ್ಲೇ, ತ್ರಿಕೋನಮಿತಿಯ ಎತ್ತರ ಮತ್ತು ದೂರ. ಅದರಲ್ಲೂ ಒಂದೇ ತ್ರಿಕೋನದ ಲೆಕ್ಕವನ್ನು ಅವರು ಮಕ್ಕಳಾಟ ಎನ್ನುತ್ತಿದ್ದರು. ಎರಡು ತ್ರಿಕೋನ ಇರಬೇಕು, ಒಂದರ ಹೊಟ್ಟೆಯಲ್ಲಿ ಇನ್ನೊಂದು ಕೂತಿರಬೇಕು, ಆಗಲೇ ಅವರಿಗೆ ಉಮೇದು. ಎರಡಕ್ಕೂ ಸೇರಿದ ಬಾಹು ಯಾವುದು, ಅದನ್ನು ಮೊದಲು ಹಿಡೀರಿ, ಒಂದರಲ್ಲಿ ಹಿಡಿದದ್ದನ್ನ ಇನ್ನೊಂದಕ್ಕೆ ದಾಟಿಸಿ ಎಂದು ಬೋರ್ಡಿಗೆ ಕುಟ್ಟುತ್ತಿದ್ದರು. ನಡುವಿನ ಪರದೆಯ ಈಚೆ ಹಿಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದ ಟೈಲರಮ್ಮನಿಗೆ ಅದು ಕೇಳಿ ಕೇಳಿ ಬಾಯಿಪಾಠವಾಗಿತ್ತು.

ಮೇಷ್ಟ್ರ ಗೈಡಿನೊಳಗಿನ ಲೋಕವೇ ಬೇರೆ. ಅಲ್ಲಿ ಒಬ್ಬ ಮನುಷ್ಯ ಗೋಪುರದ ಕಡೆಗೆ ನಡೆಯುತ್ತಾನೆ. ಯಾಕೆ ನಡೆಯುತ್ತಾನೆ, ಕೆಲಸಬೊಗಸೆ ಇಲ್ಲವೇ ಎಂದು ಕೇಳುವ ಹಾಗಿಲ್ಲ. ಇಪ್ಪತ್ತು ಮೀಟರ್ ನಡೆದು ತಲೆ ಎತ್ತಿದರೆ ಮೂವತ್ತಿದ್ದ ಕೋನ ಸರಿಯಾಗಿ ನಲವತ್ತೈದಾಗಿರುತ್ತದೆ. ಅಲ್ಲಿ ಹಾರುವ ಗಾಳಿಪಟದ ದಾರ ಜೋಲುವುದಿಲ್ಲ, ಗೋಡೆಗೆ ಒರಗಿದ ಏಣಿ ಜಾರುವುದಿಲ್ಲ, ದೀಪಸ್ತಂಭದಿಂದ ನೋಡಿದ ಎರಡು ಹಡಗುಗಳು ಉತ್ತರ ಬರುವ ತನಕ ಉಸಿರು ಬಿಗಿಹಿಡಿದು ನಿಂತಿರುತ್ತವೆ. ಮೂವತ್ತು, ನಲವತ್ತೈದು, ಅರವತ್ತು. ಈ ಮೂರನ್ನು ಬಿಟ್ಟು ನಾಲ್ಕನೆಯ ಕೋನಕ್ಕೆ ಆ ಲೋಕದಲ್ಲಿ ಬಾಡಿಗೆ ಮನೆಯೂ ಸಿಗುವುದಿಲ್ಲ.

ಹೊರಗಿನ ಲೋಕ ಹೀಗಿಲ್ಲ ಎಂಬುದೇ ಮೇಷ್ಟ್ರ ಸಿಟ್ಟು. ಬಡಗಿ ಕಟ್ಟಿದ ಕಪಾಟು ಓರೆ, ಗಾರೆಯವನು ಎಬ್ಬಿಸಿದ ಗೋಡೆ ಸೊಟ್ಟ, ಹೆಂಡತಿ ಒಲೆಯ ಮೇಲಿಟ್ಟ ಪಾತ್ರೆ ಕೂಡ ವಾಲಿಕೊಂಡೇ ಇರುತ್ತದೆ ಎಂದು ಅವರು ದಿನಕ್ಕೊಮ್ಮೆ ಹೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ಟೈಲರಮ್ಮ ಕಿವಿ ಕೊಡುತ್ತಿರಲಿಲ್ಲ. ಗಂಡನ ಮಾತಿನ ಮೇಲೆ ಅವಳಿಗೆ ನಂಬಿಕೆ ಹೋಗಿ ಕಾಲವಾಗಿತ್ತು. ತರುತ್ತೇನೆ ಎಂದದ್ದನ್ನು ತರಲಿಲ್ಲ, ಬರುತ್ತೇನೆ ಎಂದ ಹೊತ್ತಿಗೆ ಬರಲಿಲ್ಲ. ಆದರೆ ಲೆಕ್ಕದ ವಿಷಯ ಬೇರೆ. ಮನುಷ್ಯ ಹೇಗಾದರೂ ಇರಲಿ, ಸೀಸದಕಡ್ಡಿ ಹಿಡಿದರೆ ಸುಳ್ಳು ಬರೆಯುವವನಲ್ಲ ಎಂದುಕೊಂಡಿದ್ದಳು. ಅದೊಂದು ಗೂಟಕ್ಕೆ ಅವಳು ಆ ಸಂಸಾರವನ್ನು ಕಟ್ಟಿಹಾಕಿದ್ದಳು.

ಮನೆಯ ಹಿಂದೆ ಮುಚ್ಚಿಹೋದ ಒಂದು ಗಿರಣಿ. ಅದರ ಎತ್ತರದ ಗೋಡೆಯೊಳಗೆ ಒಂದು ಹಳೆಯ ಇಟ್ಟಿಗೆ ಚಿಮಣಿ. ಅದನ್ನು ಉರುಳಿಸಲು ಒಬ್ಬ ಕಂಟ್ರಾಕ್ಟರ್ ಬಂದ. ಬುಡದ ಒಂದು ಮಗ್ಗುಲನ್ನು ಕೊರೆದು ಗಿರಣಿಯ ಅಂಗಳದ ಕಡೆಗೇ ಬೀಳಿಸುತ್ತೇವೆ, ಆದರೂ ಹಳೇ ಇಟ್ಟಿಗೆ, ಈ ಕಡೆ ತಿರುಗಿದರೆ ಯಾರು ಹೊಣೆ, ಆ ಬೆಳಿಗ್ಗೆ ಈ ಸಾಲಿನವರೆಲ್ಲ ಮನೆ ಬಿಟ್ಟಿರಿ ಎಂದು ಬಾಗಿಲು ಬಾಗಿಲಿಗೆ ಹೇಳಿ ಹೋದ. ಎಲ್ಲರೂ ತಲೆಯಾಡಿಸಿದರು. ಮೇಷ್ಟ್ರು ಮಾತ್ರ, ಎತ್ತರ ಗೊತ್ತಿಲ್ಲದೆ ಊರು ಖಾಲಿ ಮಾಡಿಸುವುದು ಅನಕ್ಷರಸ್ಥರ ಕೆಲಸ, ತಾನು ಅಳೆಯುತ್ತೇನೆ ಎಂದು ಹೊರಟರು.

ಗೋಡೆ ಅಡ್ಡ ಇದ್ದುದರಿಂದ ಚಿಮಣಿಯ ಬುಡಕ್ಕೆ ಹೋಗುವ ಹಾಗಿರಲಿಲ್ಲ. ಮೇಷ್ಟ್ರಿಗೆ ಬೇಕಾದದ್ದೂ ಅದೇ. ಬೋರ್ಡಿನ ಮರದ ಕೋನಮಾಪಕಕ್ಕೆ ದಾರ ಕಟ್ಟಿ, ತೂಕಕ್ಕೆ ಹೆಂಡತಿಯ ಮಿಷನ್ನಿನ ಬಾಬಿನ್ ಇಳಿಬಿಟ್ಟರು. ಮನೆಯ ಪಕ್ಕದ ಓಣಿ ಗಿರಣಿಯ ಗೋಡೆಗೆ ನೇರವಾಗಿ ಹೋಗುತ್ತಿತ್ತು. ಓಣಿಯಲ್ಲಿ, ಹಿಂದಿನ ಕೋಣೆಯ ಹೊರಮೂಲೆಗೆ ನಿಂತು ಒಂದು ಸಲ ಚಿಮಣಿಯ ತುದಿ ನೋಡಿದರು, ಇಪ್ಪತ್ತು ಮೀಟರ್ ಹಿಂದಕ್ಕೆ ಸರಿದು ಇನ್ನೊಂದು ಸಲ ನೋಡಿದರು. ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ಸೋಪು ಬಳಿದುಕೊಂಡವರೂ ಎದ್ದು ಬಂದು ನಿಂತರು. ಆಮೇಲೆ ಮೇಷ್ಟ್ರು ಕೋಣೆ ಸೇರಿ ಎರಡು ತ್ರಿಕೋನ ಬರೆದರು, ಸೇರಿದ ಬಾಹು ಹಿಡಿದರು, ದಾಟಿಸಿದರು. ಚಿಮಣಿಯ ಎತ್ತರ ಇಪ್ಪತ್ತೇಳು ಮೀಟರ್ ಚಿಲ್ಲರೆ. ಅದರ ಬುಡದಿಂದ ಮನೆಯ ಹಿಂದಿನ ಗೋಡೆಗೂ ಇಪ್ಪತ್ತೇಳು ಮೀಟರ್ ಚಿಲ್ಲರೆ.

"ಈ ಕಡೇನೇ ಬಿದ್ರೂ ನಮ್ಮ ಗೋಡೆಗೆ ಒಂದು ಮುತ್ತಿಟ್ಟು ಮಲಗುತ್ತೆ. ಒಳಗೆ ಬರಲ್ಲ" ಎಂದು ಕಂಟ್ರಾಕ್ಟರನಿಗೆ ಹಾಳೆ ತೋರಿಸಿದರು.

ಅವನು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ನೀವು ಓದಿರೋರು ಮೇಷ್ಟ್ರೇ, ಒಪ್ಕೋತೀನಿ. ಚಿಮಣಿ ಓದಿದೆಯಾ?"

ಬೀದಿ ನಕ್ಕಿತು. ಆ ನಗುವೇ ಮೇಷ್ಟ್ರಿಗೆ ಚುಚ್ಚಿದ್ದು. ಮನೆಗೆ ಬಂದವರೇ ಹೆಂಡತಿಗೆ, ಆ ಬೆಳಿಗ್ಗೆ ನೀನು ಹಿಂದಿನ ಕೋಣೆಯಿಂದ ಏಳಕೂಡದು ಎಂದರು. ಅವಳ ಕೈಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿಯೇ ಇತ್ತು, ಏಳಲು ಅವಳಿಗೂ ಪುರುಸೊತ್ತಿರಲಿಲ್ಲ. ಆದರೂ ಕೇಳಿದಳು:

"ರೀ, ಲೆಕ್ಕ ಸರಿಯಾಗಿದೆ ತಾನೆ?"

"ನೀನೇ ಎದ್ದು ಹೋದ್ರೆ ನನ್ನ ಲೆಕ್ಕಕ್ಕೆ ಏನು ಮರ್ಯಾದೆ ಉಳೀತು?"

ಕೇಳಿದ್ದಕ್ಕೆ ಇದು ಉತ್ತರವಲ್ಲ ಎಂದು ಅವಳಿಗೆ ಹೊಳೆಯಲಿಲ್ಲ. ಲೆಕ್ಕವಲ್ಲವೇ, ಸರಿಯಾಗಿಯೇ ಇರುತ್ತದೆ ಎಂದು ಸೂಜಿಗೆ ದಾರ ಪೋಣಿಸಿದಳು.

ಆ ಬೆಳಿಗ್ಗೆ ಸಾಲು ಮನೆಗಳವರು ಟ್ರಂಕು, ಹಾಸಿಗೆ, ಮುದುಕರು, ಕೋಳಿಗಳ ಸಮೇತ ಬೀದಿಯ ಆಚೆ ತುದಿ ಸೇರಿದರು. ಎಲ್ಲರೂ ಬಂದರಾ ಎಂದು ಕಂಟ್ರಾಕ್ಟರನ ಆಳು ಕೇಳಿದಾಗ ಮೇಷ್ಟ್ರು ಹೂಂ ಎಂದುಬಿಟ್ಟರು. ಟೈಲರಮ್ಮ ಹಿಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಿದ್ದಳು. ಮೇಷ್ಟ್ರು ಎಲ್ಲಿದ್ದರು? ಬೀದಿಯ ಆಚೆ ತುದಿಯಲ್ಲಿ, ಕೋಳಿಗಳ ನಡುವೆ ನಿಂತು ತಮ್ಮ ಲೆಕ್ಕವನ್ನು ಜನರಿಗೆ ವಿವರಿಸುತ್ತಿದ್ದರು. ಅಷ್ಟು ಗಟ್ಟಿ ಲೆಕ್ಕಕ್ಕೆ ಕೋಳಿಗಳ ಆಸರೆ ಯಾಕೆ ಬೇಕಿತ್ತೋ.

ಸೀಟಿ ಕೂಗಿತು. ಟೈಲರಮ್ಮನ ಕಾಲಡಿಯ ನೆಲ ಒಮ್ಮೆ ಅದುರಿತು, ಸೂಜಿ ಮುರಿಯಿತು, ಸೂರಿನಿಂದ ಹುಡಿ ಉದುರಿ ಬಿಳಿ ಅಂಗಿಗಳ ಮೇಲೆ ಕೂತಿತು. ಅಷ್ಟೇ. ಚಿಮಣಿ ಕಂಟ್ರಾಕ್ಟರ್ ಹೇಳಿದ ಕಡೆಗೇ, ಗಿರಣಿಯ ಅಂಗಳದಲ್ಲಿ, ಒಳ್ಳೆಯ ಎತ್ತಿನ ಹಾಗೆ ಮಲಗಿತ್ತು. ನೋಡಿದೆಯಾ, ಏನೂ ಆಗಲಿಲ್ಲ ಎಂದು ಮೇಷ್ಟ್ರು ಗೆದ್ದವರಂತೆ ಒಳಗೆ ಬಂದರು. ಅದು ಈ ಕಡೆ ಬೀಳಲೇ ಇಲ್ಲ, ಗೆದ್ದದ್ದು ಯಾವ ಲೆಕ್ಕ ಎಂದು ಯಾರೂ ಕೇಳಲಿಲ್ಲ.

ಆದರೆ ನಿಂತ ಚಿಮಣಿ ಬೇರೆ, ಮಲಗಿದ ಚಿಮಣಿ ಬೇರೆ. ಮಲಗಿದ್ದಕ್ಕೆ ತ್ರಿಕೋನ ಬೇಡ. ಕ್ಷೌರದಂಗಡಿಯವನಿಗೆ ತಡೆಯಲಾಗಲಿಲ್ಲ. ಕಂಟ್ರಾಕ್ಟರನ ಉದ್ದನೆಯ ಟೇಪು ಕೇಳಿ ತಂದು ಚಿಮಣಿಯ ಬುಡದಿಂದ ತುದಿಗೆ ಹಿಡಿಸಿದ. ಮೂವತ್ತೊಂದು ಮೀಟರ್. ಗಿರಣಿಯ ಗೋಡೆಯನ್ನೂ ಒಡೆದಿದ್ದರಿಂದ ಬುಡದಿಂದ ಮೇಷ್ಟ್ರ ಮನೆಗೂ ಟೇಪು ಎಳೆದರು. ಇಪ್ಪತ್ತೆಂಟು. ಟೈಲರಮ್ಮ ಹಿಂಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಗೋಡೆಯಿಂದ ಒಳಗೆ ಮೂರು ಮೀಟರ್ ಎಂದರೆ ಎಲ್ಲಿಗೆ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೋಡೆ ದಾಟಿದರೆ ಬಟ್ಟೆ ಕತ್ತರಿಸುವ ಮೇಜು, ಆಮೇಲೆ ಮಿಷನ್, ಮಿಷನ್ನಿನ ಹಿಂದೆ ಅವಳ ಸ್ಟೂಲು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಬಿದ್ದಾಗ ಇಟ್ಟಿಗೆಗಳು ಚೆದರಿ ಚಿಮಣಿ ಉದ್ದವಾಗಿದೆ ಎಂದರು ಮೇಷ್ಟ್ರು. ಟೇಪು ಬಿಸಿಲಿಗೆ ಎಳೆದುಕೊಂಡಿದೆ ಎಂದರು. ಟೈಲರಮ್ಮ ಪೂರ್ತಿ ಕೇಳಿಸಿಕೊಂಡು, ಅವರು ಊಟ ಮುಗಿಸಿ ಕೈ ತೊಳೆದ ಮೇಲೆ ಕೇಳಿದಳು:

"ರೀ, ಆವತ್ತು ದಾರ ಎಷ್ಟರ ಮೇಲೆ ನಿಂತಿತ್ತು?"

"ಇಲ್ಲಿ ನಲವತ್ತೆಂಟು. ಹಿಂದೆ ಮೂವತ್ತಮೂರು."

"ಬರೆದದ್ದು?"

"ನಲವತ್ತೈದು, ಮೂವತ್ತು."

"ಯಾಕೆ?"

ಮೇಷ್ಟ್ರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಸುಳ್ಳು ಹೇಳುವ ಯೋಚನೆ ಕೂಡ ಅವರಿಗೆ ಬರಲಿಲ್ಲ. ಪಾಪ, ಅಷ್ಟರ ಮಟ್ಟಿಗೆ ಪ್ರಾಮಾಣಿಕರು. "ನಲವತ್ತೆಂಟಕ್ಕೆ ಎಲ್ಲಾದ್ರೂ ಲೆಕ್ಕ ಕೊಡ್ತಾರಾ? ಹತ್ತಿರ ಯಾವ್ದಿದೆಯೋ ಅದಕ್ಕೆ ಕೂರಿಸಬೇಕು. ಇಲ್ದಿದ್ರೆ ಉತ್ತರ ಚೊಕ್ಕವಾಗಿ ಬರಲ್ಲ."

"ಮೂವತ್ತಮೂರು ಸೊಂಟದವಳಿಗೆ ಮೂವತ್ತಕ್ಕೆ ಹೊಲಿದು, ಚೊಕ್ಕವಾಗಿದೆ ಹಾಕ್ಕೋ ಅಂದ್ರೆ ಅವಳು ನನ್ನ ಜುಟ್ಟು ಹಿಡೀತಾಳೆ. ನಿಮಗೆ ಜುಟ್ಟು ಹಿಡಿಯೋರು ಇಲ್ಲ."

ಅಂದು ಅವಳು ಅಷ್ಟಕ್ಕೇ ಬಿಟ್ಟಳು. ತಪ್ಪು ಎಲ್ಲರಿಗೂ ಆಗುತ್ತದೆ, ತಪ್ಪಾಯಿತು ಎಂದು ಒಂದು ಮಾತು ಬಂದರೆ ಹಳೇ ಗೂಟವನ್ನೇ ಮತ್ತೆ ನೆಟ್ಟರಾಯಿತು ಎಂದು ಕಾದಳು. ಮಳೆಗಾಲ ಬಂದು ಹೋಯಿತು. ಆ ಮಾತು ಬರಲಿಲ್ಲ. ಬಂದದ್ದು ಗೈಡಿನ ಹೊಸ ಮುದ್ರಣದ ಪ್ರೂಫು. ಮೇಷ್ಟ್ರು ಅದನ್ನು ಮಿಷನ್ನಿನ ಮೇಲಿಟ್ಟು, "ನೋಡು, ಈ ಸಲ ನಿನ್ನನ್ನೂ ಹಾಕಿದ್ದೀನಿ" ಎಂದರು. ಅವರ ಮುಖದಲ್ಲಿ ಒಡವೆ ಮಾಡಿಸಿ ತಂದವರ ಕಳೆ.

ಅವಳು ಓದಿದಳು. 'ಮನೆಯ ಹಿಂಬಾಗಿಲಲ್ಲಿ ಕುಳಿತು ಹೊಲಿಯುತ್ತಿರುವ ಮಹಿಳೆಯೊಬ್ಬಳಿಗೆ ಚಿಮಣಿಯ ತುದಿಯು 45 ಡಿಗ್ರಿ ಉನ್ನತ ಕೋನದಲ್ಲಿ ಕಾಣುತ್ತದೆ. 20 ಮೀಟರ್ ಹಿಂದೆ ನಿಂತಿರುವ ಆಕೆಯ ಪತಿಗೆ ಅದೇ ತುದಿಯು 30 ಡಿಗ್ರಿಯಲ್ಲಿ ಕಾಣುತ್ತದೆ. ಚಿಮಣಿಯ ಎತ್ತರವೇನು? (ಮಹಿಳೆಯ ಎತ್ತರವನ್ನು ಕಡೆಗಣಿಸಿ.)'

ಕಂಸದೊಳಗಿನ ಮಾತನ್ನು ಇನ್ನೊಂದು ಸಲ ಓದಿ, ಹಾಳೆಯನ್ನು ಮಡಿಸಿ ಅವರ ಕೈಗೇ ಕೊಟ್ಟಳು. ಹೊಲಿಯಬೇಕಾದ ಬಟ್ಟೆಗಳನ್ನು ಹೊಲಿದು ಮುಗಿಸಿ ಗಿರಾಕಿಗಳಿಗೆ ತಲುಪಿಸಿದಳು. ಬಸ್ಸು ಕೊನೆಗೆ ನಿಲ್ಲುವಲ್ಲಿ ತಂಗಿಯ ಮನೆ, ಅಲ್ಲಿ ಬೀದಿಗೆ ಬಾಗಿಲಿದ್ದ ಒಂದು ಕೋಣೆ ಖಾಲಿಯಿತ್ತು. ತಂಗಿಗೆ ಹೇಳಿ ಕಳಿಸಿದಳು. ಭಾವ ಏನಂದರು ಎಂದು ತಂಗಿ ಕೇಳಿ ಕಳಿಸಿದಾಗ, ಅವರು ಇಪ್ಪತ್ತು ಮೀಟರ್ ದೂರದಲ್ಲಿದ್ದಾರೆ, ಕೂಗಿದರೆ ಕೇಳುವುದಿಲ್ಲ ಎಂದು ಹೇಳಿಸಿದಳು.

ಕೈಗಾಡಿಯವನು ಬಂದ ದಿನ ಮೇಷ್ಟ್ರು ಇದೆಲ್ಲ ನಾಲ್ಕು ದಿನದ ಕೋಪ ಎಂದೇ ತಿಳಿದಿದ್ದರು. ಗಾಡಿಯವನೂ ಕ್ಷೌರದಂಗಡಿಯವನೂ ಮಿಷನ್ ಎತ್ತಿಕೊಂಡು ಮುಂಬಾಗಿಲಿಗೆ ಬಂದಾಗ ಅವರು ಪಾಠ ನಿಲ್ಲಿಸಿ, ಬೆರಳು ಚಾಚಿ, ಹಾಗಲ್ಲ, ಓರೆ ಮಾಡಿ, ನಲವತ್ತೈದು ಡಿಗ್ರಿಗೆ ಎಂದರು. ಇಬ್ಬರೂ ಓರೆ ಮಾಡಿದರು. ಮಿಷನ್ನಿನ ಗಾಲಿ ಚೌಕಟ್ಟಿಗೆ ಸಿಕ್ಕಿಕೊಂಡಿತು.

"ನೇರ ಮಾಡಿ ಅಣ್ಣ" ಎಂದಳು ಟೈಲರಮ್ಮ. "ಒಳಗೆ ಬಂದಾಗಲೂ ನೇರವಾಗೇ ಬಂದಿತ್ತು."

ಮಿಷನ್ ನೇರವಾಗಿ ಹೊರಗೆ ಹೋಯಿತು. ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು, ಅದರ ಹಿಂದೆ ಅವಳೂ ಹೋದಳು.