ಒಲೆ ಕಿತ್ತ ಜಾಗದ ರಂಗೋಲಿ

ಅದು ಯುದ್ಧದ ಕಾಲ. ಸೀಮೆಎಣ್ಣೆಗೂ ಸಕ್ಕರೆಗೂ ಸಾಲಿನಲ್ಲಿ ನಿಲ್ಲುತ್ತಿದ್ದೆವು. ನಮ್ಮ ಯಜಮಾನರು ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸಕ್ಕಿದ್ದರು. ಎರಡು ಕೋಣೆಯ ಮನೆ, ಹಿತ್ತಲಲ್ಲೇ ನಲ್ಲಿ. ಕೊಡ ಹೊತ್ತು ಬೀದಿ ಸುತ್ತುವುದು ತಪ್ಪಿತಲ್ಲ ಎಂದು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ. ಆಗಲೇ ಶಿವಮೊಗ್ಗದಿಂದ ದೊಡ್ಡಮ್ಮನ ಕಾಗದ ಬಂತು: ಬಾಗಿಲಿಗೆ ನೋಟೀಸು ಅಂಟಿಸಿದ್ದಾರೆ, ಒಮ್ಮೆ ಬಂದು ಹೋಗು.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ನನಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು, ಸಾಕಿದವರು ಇವರು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲ. ದುರ್ಗಿಗುಡಿಯ ಆ ಹೆಂಚಿನ ಮನೆ ಬಿಟ್ಟರೆ ಅವರಿಗೆ ಬೇರೆ ನೆಲೆಯಿರಲಿಲ್ಲ. ನನ್ನ ಮದುವೆಯಾದ ಮೇಲೆ ನಡುಮನೆಯನ್ನು ದೀಪದವರಿಗೆ ಬಿಟ್ಟುಕೊಟ್ಟು ತಾವು ಹಿಂದಿನ ಅಡುಗೆಮನೆಯಲ್ಲಿ ಉಳಿದುಕೊಂಡರು.

ದೀಪದವರು ಎಂಬುದು ಊರು ಇಟ್ಟ ಹೆಸರು. ವಿಗ್ರಹವಿಲ್ಲ, ಗಂಟೆಯಿಲ್ಲ, ಪೂಜಾರಿಯಿಲ್ಲ. ಸಂಜೆ ಒಂದು ದೀಪ ಹಚ್ಚಿ ಸುತ್ತ ಕೂತು ಹಾಡುವುದು, ಆಮೇಲೆ ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಹುರಿಗಡಲೆ ತಿನ್ನುವುದು. ಅಷ್ಟೇ ಆಗಿದ್ದರೆ ಊರು ಗೊಣಗಿ ಸುಮ್ಮನಾಗುತ್ತಿತ್ತೇನೋ. ಆದರೆ ದೀಪಕ್ಕಿಟ್ಟ ಕುಂಕುಮ ಎಲ್ಲರ ಹಣೆಗೂ ಎನ್ನುವುದು ಅವರ ನೇಮ. ಗಂಡ ಸತ್ತವರಿಗೂ.

"ನಿಮ್ಮ ದೊಡ್ಡಮ್ಮಂಗೆ ಮದುವೆ ಗೊತ್ತಾಯ್ತಂತಲ್ರೀ! ಹೇಳಿ ಕಳ್ಸಿ, ಸೋಬಾನೆ ಹಾಡೋಕೆ ಬರ್ತೀವಿ" ಎಂದು, ನಾನು ಅಲ್ಲಿಗೆ ಹೋದಾಗಲೆಲ್ಲ ದುರ್ಗಿಗುಡಿ ಬೀದಿಯ ಹೆಂಗಸರು ನನ್ನನ್ನು ತಡೆದು ನಿಲ್ಲಿಸಿ ನಗುತ್ತಿದ್ದರು.

ನಾನೇನು ದೀಪದವರ ಪಕ್ಷದವಳಲ್ಲ. ಸೋಮವಾರ ಒಪ್ಪೊತ್ತು ಮಾಡಿ ಈಶ್ವರನ ಗುಡಿಗೆ ಹೋಗುವವಳು. ದೊಡ್ಡಮ್ಮನ ಹಣೆಯ ಮೇಲೆ ಕುಂಕುಮ ಕಂಡ ಮೊದಲ ದಿನ ನಾನು ತಲೆ ತಗ್ಗಿಸಿ ಕೂತಿದ್ದೆ.

ನೋಟೀಸು ಮನೆ ಕಂದಾಯದ್ದು. ಕಟ್ಟದೆ ಕೆಲವು ವರ್ಷವಾಗಿತ್ತು. ಇನ್ನೂ ಕಟ್ಟದಿದ್ದರೆ ಮನೆ ಹರಾಜು. ದೊಡ್ಡಮ್ಮನ ಕೈಯಲ್ಲಿ ಕಾಸಿಲ್ಲ. ದೀಪದವರ ಹಿರಿಯ ಒಬ್ಬ ದರ್ಜಿ, ಉಳಿದವರು ಗಾಡಿ ಹೊಡೆಯುವವರು, ಕೂಲಿಯವರು. ಅವರಿಂದ ಎಲ್ಲಿ ಕಟ್ಟಲು ಸಾಧ್ಯ? ಗುಡಿಗೆ, ಮಠಕ್ಕೆ ಕಂದಾಯ ಬಿಟ್ಟ ಹಾಗೆ ನಮ್ಮ ಪ್ರಾರ್ಥನೆಯ ಜಾಗಕ್ಕೂ ಬಿಡಿ ಎಂದು ದರ್ಜಿ ಅರ್ಜಿ ಹಾಕಿದ. ಅದಕ್ಕೆದುರಾಗಿ ಊರಿನ ದೊಡ್ಡವರು ರುಜು ಮಾಡಿದ ಇನ್ನೊಂದು ಅರ್ಜಿ ಹೋಯಿತು. ಹೆಂಗಸರ ದಾರಿ ಕೆಡಿಸುವವರಿಗೆ ರಿಯಾಯಿತಿ ಕೊಡಬಾರದು ಎಂದು.

ನಮ್ಮ ಯಜಮಾನರ ಮಾತೂ ಅದೇ. "ಕಂದಾಯ ಬಿಟ್ರೆ ಸರ್ಕಾರವೇ ಒಪ್ಕೊಂಡ ಹಾಗೆ ಆಗಲ್ವೇನೇ? ನಾಳೆ ಯಾರು ಬೇಕಾದ್ರೂ ಒಂದು ದೀಪ ಹಚ್ಚಿ, ಇದು ಗುಡಿ ಅಂತಾರೆ."

"ಅವರ ಹತ್ರ ಮಾತ್ರ ಕಂದಾಯ ಕೇಳಿದ್ರೆ, ಅಲ್ಲಿರೋದು ದೇವರಲ್ಲ ಅಂತ ಸರ್ಕಾರ ಹೇಳಿದ ಹಾಗೆ ಆಗಲ್ವಾ?" ಎಂದೆ.

ಕಾರ್ಖಾನೆಯ ಕೂಗು ಕೇಳಿಸಿತು. ಅವರು ಟೋಪಿ ಹಾಕಿಕೊಂಡು ಹೊರಟುಬಿಟ್ಟರು. ಆದರೂ ರೈಲಿಗೆ ಕಾಸು ಕೊಟ್ಟಿದ್ದರು. ಅದೂ ಒಂದು ಪುಣ್ಯ.

ನಾನು ಹೋದಾಗ ದೊಡ್ಡಮ್ಮ ನೆನೆಸಿದ ಅವಲಕ್ಕಿ ತಿನ್ನುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ ಒಲೆ ಇರಲಿಲ್ಲ. ಕಂದಾಯದ ಸಾಹೇಬರು ನೋಡಲು ಬರುತ್ತಾರೆ, ಒಲೆ ಉರಿಯುವ ಕಟ್ಟಡಕ್ಕೆ ಮನೆ ಅಂತಲೇ ಬರೆದುಕೊಳ್ಳುತ್ತಾರೆ ಎಂದು ಯಾರೋ ಗುಮಾಸ್ತ ದರ್ಜಿಗೆ ಹೇಳಿದ್ದನಂತೆ. ಅದಕ್ಕೇ ಒಲೆ ಕಿತ್ತು, ಪಾತ್ರೆ, ಹಾಸಿಗೆ ಎಲ್ಲ ದರ್ಜಿಯ ಮನೆಗೆ ಸಾಗಿಸಿದ್ದರು. ಕಂದಾಯ ಬಿಟ್ಟ ಹುಕುಂ ಬಂದ ಮೇಲೆ ಹಿತ್ತಲ ಕೊಟ್ಟಿಗೆಯಲ್ಲಿ ಹೊಸ ಒಲೆ ಹೂಡುವುದು ಎಂಬ ಲೆಕ್ಕ.

"ಸುಳ್ಳಲ್ವಾ ದೊಡ್ಡಮ್ಮಾ ಇದು?"

"ಸುಳ್ಳೇ ಮಾರಾಯ್ತಿ. ಎಂಟು ದಿನದಿಂದ ಗಂಟಲಲ್ಲಿ ಇಳೀತಿಲ್ಲ. ದೇವರಿಗೆ ಹಸಿವಿಲ್ಲ ಅಂತ ನಂಗೂ ಇರಬಾರದಂತೆ" ಎಂದು ನಕ್ಕರು. ನಗುವಾಗ ಕೆನ್ನೆ ಒಳಕ್ಕೆ ಹೋಗಿದ್ದು ಕಂಡಿತು.

ಮಾರನೆಯ ಬೆಳಗ್ಗೆ ಸಾಹೇಬರು ಬರುವವರಿದ್ದರು. ನಾನು ಎದ್ದು ಮನೆಯೆಲ್ಲ ಸಗಣಿ ಹಾಕಿ ಸಾರಿಸಿದೆ. ದೀಪದ ಮುಂದೆ ರಂಗೋಲಿ ಹಾಕಿದೆ.

ಸಾಹೇಬರು ಒಳ್ಳೆಯ ಮನುಷ್ಯರು. ಹೊಸ್ತಿಲಾಚೆಗೇ ಬೂಟು ಬಿಟ್ಟು, ದೀಪಕ್ಕೆ ಕೈ ಮುಗಿದರು. ನನ್ನ ಎದೆ ಹಗುರವಾಯಿತು.

"ಇಲ್ಲಿ ಯಾರೂ ವಾಸ ಇಲ್ವಲ್ಲ?"

"ಯಾರೂ ಇಲ್ಲ ಸ್ವಾಮಿ" ಎಂದ ದರ್ಜಿ.

ಅವರು ಹಿಂದಿನ ಕೋಣೆಗೆ ಹೋಗಿ, ಮೂಲೆ ನೋಡುತ್ತ ನಿಂತುಬಿಟ್ಟರು. ನಾನೂ ಬಗ್ಗಿ ನೋಡಿದೆ. ಒಲೆ ಕಿತ್ತ ಜಾಗದಲ್ಲಿ, ಒಲೆಯ ಅಗಲಕ್ಕೆ ಸರಿಯಾಗಿ, ಎರಡೆಳೆ ರಂಗೋಲಿ. ನಾನೇ ಎಳೆದದ್ದು. ಯಾವಾಗ ಎಳೆದೆನೋ ನನಗೇ ನೆನಪಿರಲಿಲ್ಲ. ಒಲೆ ಸಾರಿಸಿ ಎರಡೆಳೆ ಎಳೆಯದೆ ಬೆಂಕಿ ಹೊತ್ತಿಸಬಾರದು ಎಂದು ಏಳು ವರ್ಷದವಳ ಕೈ ಹಿಡಿದು ಕಲಿಸಿದವರು ದೊಡ್ಡಮ್ಮನೇ. ಕೈ ತನ್ನ ಪಾಡಿಗೆ ತಾನು ಎಳೆದಿತ್ತು.

"ನಮ್ಮನೇಲೂ ದಿನಾ ಹೀಗೇ ಎಳೀತಾರೆ" ಎಂದರು ಸಾಹೇಬರು, ಮೆಲ್ಲಗೆ. "ಒಲೆ ಎಲ್ಲಿ ತಾಯೀ?"

ದರ್ಜಿ ಏನೋ ಹೇಳಲು ಬಾಯಿ ತೆರೆದ. ದೊಡ್ಡಮ್ಮ ಮುಂದೆ ಬಂದರು. "ಹಿತ್ತಲಲ್ಲಿ ಪುಡಿಯಾಗಿ ಬಿದ್ದಿದೆ. ನಾನು ಇಲ್ಲೇ ಇರೋದು ಸ್ವಾಮಿ, ಮೊದಲಿಂದ್ಲೂ."

"ಹೇಳಿಬಿಟ್ರಲ್ಲ. ಇನ್ನು ನಾನು ಬರೀದೆ ಇರೋಕಾಗಲ್ಲ."

"ದೊಡ್ಡ ಮಠಗಳಲ್ಲಿ ದಿನಾ ನೂರು ಜನಕ್ಕೆ ಒಲೆ ಉರೀತದಲ್ಲ ಸ್ವಾಮಿ" ಎಂದ ದರ್ಜಿ. "ಅದು ಮನೆ ಅಲ್ವಾ?"

ಸಾಹೇಬರು ಕಾಗದ ಮಡಿಸುತ್ತ, "ಅವರ ಮೇಲೆ ಯಾರೂ ಅರ್ಜಿ ಕೊಟ್ಟಿಲ್ಲಪ್ಪ" ಎಂದರು.

ಆ ಮಾತು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕೂತಿದೆ. ದೀಪದವರ ನೇಮ ನನಗೆ ಒಗ್ಗದು. ಆದರೆ ನನಗೆ ಒಗ್ಗದ್ದಕ್ಕೆ ಒಂದು ಕಾನೂನು, ಒಗ್ಗಿದ್ದಕ್ಕೆ ಇನ್ನೊಂದು ಎಂದರೆ ಅದನ್ನು ಧರ್ಮ ಎನ್ನಲಾರೆ. ಬಿಟ್ಟರೆ ಎಲ್ಲರಿಗೂ ಬಿಡಲಿ, ಕೇಳಿದರೆ ನಮ್ಮ ಈಶ್ವರನ ಗುಡಿಯನ್ನೂ ಕೇಳಲಿ.

ಕಂದಾಯ ಬಿಡಲಿಲ್ಲ. ಮನೆ ಹರಾಜಿಗೆ ಹೋಗದ ಹಾಗೆ ಬಟ್ಟೆ ಅಂಗಡಿಯವರೊಬ್ಬರು ದಾಸ್ತಾನಿಗೆಂದು ಪೂರ್ತಿ ಬಾಡಿಗೆಗೆ ಹಿಡಿದು, ಮುಂಗಡದಲ್ಲೇ ಬಾಕಿ ತೀರಿಸಿದರು. ಅದೂ ಪುಣ್ಯವೇ ಎಂದುಕೊಂಡೆ. ದೀಪದವರು ಚದುರಿಹೋದರು. ದೊಡ್ಡಮ್ಮನನ್ನು ನಾನು ಭದ್ರಾವತಿಗೆ ಕರೆದುಕೊಂಡು ಹೊರಟೆ. ಯಜಮಾನರು ಬೇಡ ಅನ್ನಲಿಲ್ಲ.

"ನನ್ನ ಕೈಯಿಂದ ಹೀಗಾಯ್ತು ದೊಡ್ಡಮ್ಮಾ" ಎಂದೆ ರೈಲಿನಲ್ಲಿ.

"ಚೆನ್ನಾಗಿ ಕಲ್ತಿದ್ದೀಯ ಬಿಡು" ಎಂದರು. ಭದ್ರಾವತಿ ಹತ್ತಿರವಾದಾಗ ಸೆರಗಿನ ತುದಿಯನ್ನು ಎಂಜಲಿನಿಂದ ಒದ್ದೆ ಮಾಡಿಕೊಂಡು ಹಣೆ ಒರೆಸಿಕೊಂಡರು. "ನಿನ್ನ ಮನೆಗೆ ಮಾತು ಬರಬಾರ್ದು."

ಬೇಡ ಎನ್ನಬಹುದಿತ್ತು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ನಾಲ್ಕು ವರ್ಷ ನಮ್ಮ ಮನೆಯಲ್ಲಿದ್ದರು. ಶುಕ್ರವಾರ ಅರಿಶಿನ ಕುಂಕುಮಕ್ಕೆ ಅಕ್ಕಪಕ್ಕದ ಹೆಂಗಸರು ಬರುವ ಹೊತ್ತಿಗೆ, ಯಾರೂ ಹೇಳದೆಯೇ ಎದ್ದು ಹಿತ್ತಲಿಗೆ ಹೋಗಿ ನಲ್ಲಿಯ ಪಕ್ಕ ಕೂರುತ್ತಿದ್ದರು. ಬಂದವರೆಲ್ಲ ಹೋದ ಮೇಲೆ ನಾನು ಕುಂಕುಮದ ಬಟ್ಟಲಿಗೆ ಮುಚ್ಚಳ ಹಾಕಿ, ಅವರನ್ನು ಒಳಗೆ ಕರೆಯುತ್ತಿದ್ದೆ.