ಮದುವೆಯಾಗದ ಟೀಚರ್ ಹೊರಗಿರಲಿ

ಕಪ್ಪೆಯ ಸಂಸಾರ ನನಗೆ ಬಾಯಿಪಾಠ. ಬಿ.ಎಸ್ಸಿ.ಯಲ್ಲಿ ಅದನ್ನೇ ಓದಿದ್ದೆ, ಹಿರಿಯಡ್ಕದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿ ಅದನ್ನೇ ಪಾಠ ಮಾಡುತ್ತಿದ್ದೆ. ಮನುಷ್ಯರ ಸಂಸಾರದ ವಿಷಯ ಮಾತ್ರ ಇಪ್ಪತ್ತನಾಲ್ಕು ತುಂಬಿದರೂ ಸರಿಯಾಗಿ ಗೊತ್ತಿರಲಿಲ್ಲ. ನಗಬೇಡಿ. ಎಪ್ಪತ್ತರ ದಶಕದ ಕೊನೆಯಲ್ಲಿ, ಕಡಿಯಾಳಿಯ ಒಂದು ಬಾಡಿಗೆ ಮನೆಯಲ್ಲಿ, ತಂದೆಯಿಲ್ಲದೆ ಅಮ್ಮ ಮತ್ತು ಇಬ್ಬರು ತಂಗಿಯರ ಜೊತೆ ಬೆಳೆದವಳಿಗೆ ಅದನ್ನು ಹೇಳುವವರು ಯಾರಿದ್ದರು?

ಹೇಳಿದವರು ಮಣಿಪಾಲದ ಒಬ್ಬ ಲೇಡಿ ಡಾಕ್ಟರು. ಉತ್ತರದ ಕಡೆಯವರು. ಕನ್ನಡವೇ ಬಾರದು, ತುಳು ದೂರದ ಮಾತು. ಹತ್ತನೇ ತರಗತಿಯ ಹುಡುಗಿಯರಿಗೆ ಶರೀರ, ಮದುವೆ, ಗರ್ಭ ಇವುಗಳ ಬಗ್ಗೆ ಒಂದು ಗಂಟೆ ಹೇಳಿಕೊಡುತ್ತೇನೆ ಎಂದು ಅವರೇ ಕೇಳಿಕೊಂಡು ಬಂದರು. ಹೆಡ್ಮಾಸ್ಟ್ರು ಬೆವರಿ, ಸಂಚಾಲಕರ ಕಡೆ ಕೈ ತೋರಿಸಿದರು. ಶಾಲೆಯ ಆಡಳಿತವೆಲ್ಲ ಸಂಚಾಲಕರದು. ಅವರು ಜಾಣರು, ಮೊದಲು ತಂದೆತಾಯಿಯರನ್ನು ಕೇಳುವ ಎಂದರು. ಡಾಕ್ಟರ ಇಂಗ್ಲಿಷನ್ನು ತುಳುವಿನಲ್ಲಿ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ನಾನಿನ್ನೂ ಖಾಯಂ ಆಗಿರಲಿಲ್ಲ, ಆ ಕಾಗದ ಜೂನಿನಲ್ಲಿ ಸಂಚಾಲಕರ ಕೈಯಿಂದಲೇ ಬರಬೇಕು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ನನ್ನ ಸಂಬಳದಲ್ಲಿ. ಆಗುವುದಿಲ್ಲ ಎನ್ನುವ ಮಾತೇ ಇರಲಿಲ್ಲ.

ಸಭೆಯ ಹಿಂದಿನ ದಿನ ಡಾಕ್ಟರು ನನ್ನನ್ನು ಮಣಿಪಾಲದ ಕ್ವಾರ್ಟರ್ಸಿಗೆ ಕರೆಸಿ, ಚಹಾ ಕೊಟ್ಟು, ಹಾಳೆಯ ಮೇಲೆ ಚಿತ್ರ ಬರೆದು ಎಲ್ಲವನ್ನೂ ಹೇಳಿದರು. ಎಲ್ಲ ಮೊದಲೇ ಗೊತ್ತಿರುವವಳ ಹಾಗೆ ನಾನು ತಲೆ ತಗ್ಗಿಸಿ ಬರೆದುಕೊಂಡೆ. ಚಹಾ ಕೆನೆ ಕಟ್ಟಿತು. ಹಿಂದೆ ಬರುವಾಗ ಬಸ್ಸಿನಲ್ಲಿ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಇಷ್ಟೇನಾ? ಇಷ್ಟಕ್ಕೆ ಇಷ್ಟು ವರ್ಷ ನಮ್ಮನ್ನು ಹೆದರಿಸಿ ಇಟ್ಟರಾ?

ಶನಿವಾರ ಮಧ್ಯಾಹ್ನ ಸಭೆ. ಗಂಡಸರು ಬೆಂಚುಗಳಲ್ಲಿ, ಹೆಂಗಸರು ಗೋಡೆಯ ಬದಿಯಲ್ಲಿ. ಡಾಕ್ಟರು ಒಂದು ವಾಕ್ಯ ಹೇಳುವುದು, ನಾನು ಅದನ್ನು ತುಳುವಿನಲ್ಲಿ ಹೇಳುವುದು. ನಾಲ್ಕನೆಯ ವಾಕ್ಯಕ್ಕೆ ಸಿಕ್ಕಿಬಿದ್ದೆ. ಆ ಅಂಗಗಳಿಗೆ ತುಳುವಿನಲ್ಲಿ ಹೆಸರಿಲ್ಲವೆಂದಲ್ಲ, ಉಂಟು. ಬಾಯಿಗೆ ಬರುವುದು ಬೇಲಿ ಜಗಳದಲ್ಲಿ ಮಾತ್ರ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪಾಠಪುಸ್ತಕದ ಕನ್ನಡ ಪದ ಹೇಳಿ ದಾಟಿಕೊಂಡೆ. ಹೇಳಿಸಿದ ಡಾಕ್ಟರನ್ನು ಯಾರೂ ನೋಡಲಿಲ್ಲ, ಎಲ್ಲರೂ ಹೇಳಿದವಳನ್ನು ನೋಡಿದರು.

ಹಿಂದಿನ ಬೆಂಚಿನಿಂದ ಒಬ್ಬ ತಂದೆ ಎದ್ದರು. ಸಭೆಯ ಮರ್ಯಾದೆಗೆ ಕನ್ನಡದಲ್ಲೇ ಕೇಳಿದರು.

"ಟೀಚರೇ, ನಿಮಗೆ ಮದುವೆ ಆಗಿದೆಯಾ?"

"ಇಲ್ಲ."

"ಮತ್ತೆ ಇದೆಲ್ಲ ನಿಮಗೆ ಹೇಗೆ ಗೊತ್ತು?"

ಯಾರೋ ಕಿಸಕ್ಕೆಂದರು. ಅವರು ಕೇಳಿದ್ದೇನು ಎಂದು ಡಾಕ್ಟರು ನನ್ನ ತೋಳು ಮುಟ್ಟಿ ಕೇಳಿದರು. ಅದನ್ನೂ ನಾನೇ ಇಂಗ್ಲಿಷಿಗೆ ಮಾಡಿ ಹೇಳಬೇಕಾಯಿತು.

ಮಗನನ್ನು ಗಲ್ಫಿಗೆ ಕಳಿಸಿದ್ದ ಕೊಂಕಣಿ ಕ್ರಿಶ್ಚಿಯನ್ ರೈತರೊಬ್ಬರು, "ತಿಳಿದವರು ಹೇಳಿಕೊಟ್ರೆ ತಪ್ಪೆಂತ ಉಂಟು? ನಾವಂತೂ ಮಕ್ಕಳಿಗೆ ಹೇಳುವವರಲ್ಲ" ಎಂದರು. ಗೋಡೆಯ ಬದಿಯಿಂದ ಒಬ್ಬ ತಾಯಿ, "ಬೇಡ ಅಂತ ನಾವೂ ಹೇಳುದಿಲ್ಲ. ಆದ್ರೆ ಮದುವೆ ಆಗದ ಹುಡುಗಿಯ ಬಾಯಲ್ಲಿ ಇದೆಲ್ಲ ಬಂದ್ರೆ ನಾಳೆ ನಮ್ಮ ಮಕ್ಕಳಿಗೂ ಮರ್ಯಾದೆ ಬೇಡ ಅಂತ ಆಗ್ತದೆ, ಅಲ್ವಾ?" ಎಂದರು. ಹೌದು ಹೌದು ಎಂದು ಗೋಡೆಯ ಬದಿಯೆಲ್ಲ ತಲೆ ಆಡಿಸಿತು.

ಸಂಚಾಲಕರು ಎದ್ದು ನಿಂತರು. "ಹಾಗಾದ್ರೆ ಹೀಗೆ ಮಾಡುವ. ಮುಂದಿನ ಶನಿವಾರ ಕಾರ್ಯಕ್ರಮ ನಡೆಯಲಿ. ತಾಯಂದಿರೂ ಬಂದು ಕೂತುಕೊಳ್ಳಲಿ. ಹೊಲಿಗೆ ಟೀಚರ್ ತುಳುವಿನಲ್ಲಿ ಹೇಳಲಿ, ಅವರಿಗೆ ನಾಲ್ಕು ಮಕ್ಕಳುಂಟು. ಮದುವೆಯಾಗದ ಟೀಚರ್ ಹೊರಗಿರಲಿ."

ಚಪ್ಪಾಳೆ ಬಿತ್ತು. ಹೊಲಿಗೆ ಟೀಚರಿಗೆ ನಾಲ್ಕು ಮಕ್ಕಳಿದ್ದದ್ದು ನಿಜ. ಇಂಗ್ಲಿಷಿನ ನಾಲ್ಕು ಮಾತು ಇರಲಿಲ್ಲ. ಅದನ್ನು ಯಾರೂ ವಿಚಾರಿಸಲಿಲ್ಲ.

ಡಾಕ್ಟರು ಕಾರಿನಲ್ಲಿ ಹೋದರು. ನಾನು ಅದೇ ತಂದೆತಾಯಿಯರ ಜೊತೆ ಉಡುಪಿ ಬಸ್ಸು ಹತ್ತಿದೆ. ಜನ ನಿಂತುಕೊಂಡೇ ಬಂದರು, ನನ್ನ ಪಕ್ಕದ ಸೀಟು ಪರ್ಕಳದವರೆಗೂ ಖಾಲಿ ಇತ್ತು.

ಸೋಮವಾರ ಲ್ಯಾಬಿನಲ್ಲಿ ಗಾಜಿನ ನಳಿಗೆಗಳನ್ನು ತೊಳೆಯುತ್ತಿದ್ದಾಗ ಹತ್ತನೇ ತರಗತಿಯ ಒಬ್ಬ ಹುಡುಗಿ ಬಂದು ನಿಂತಳು. ಎರಡು ಸಲ ಫೇಲಾಗಿ ಹದಿನೆಂಟು ತುಂಬಿದವಳು.

"ಟೀಚರ್, ಮೇ ತಿಂಗಳಲ್ಲಿ ನನಗೆ ಮದುವೆ. ಹುಡುಗ ಬೊಂಬಾಯಿಯಲ್ಲಿ ಹೋಟೆಲಿನಲ್ಲಿ ಇರುವುದು. ಒಮ್ಮೆ ನೋಡಿದ್ದೇನೆ, ಅಷ್ಟೇ."

"ಒಳ್ಳೆಯದಾಯಿತಲ್ಲ."

"ಮದುವೆ ಆದ ಮೇಲೆ ಎಂತ ಆಗ್ತದೆ ಅಂತ ಅಮ್ಮನ ಹತ್ರ ಕೇಳಿದೆ. ಗಂಡ ಹೇಳಿದ ಹಾಗೆ ಕೇಳು, ಬೊಬ್ಬೆ ಹಾಕಬೇಡ ಅಂದ್ರು." ಅವಳು ನಲ್ಲಿಯ ನೀರನ್ನೇ ನೋಡುತ್ತಿದ್ದಳು. "ಬೊಬ್ಬೆ ಹಾಕುವಂಥದ್ದು ಎಂತ, ಟೀಚರ್? ನನಗೆ ಅನ್ನ ಇಳಿಯುದಿಲ್ಲ."

ನನಗೆ ಗೊತ್ತಿತ್ತು. ಮೂರು ದಿನದಿಂದ ಎಲ್ಲವೂ ತುಳುವಿನಲ್ಲಿ ಸಿದ್ಧವಾಗಿ ನಾಲಿಗೆಯ ಮೇಲೆ ಕೂತಿತ್ತು, ಐದು ನಿಮಿಷದ ಮಾತು. ಲ್ಯಾಬಿನ ಬಾಗಿಲು ತೆರೆದಿತ್ತು, ಎದುರಿಗೇ ಆಫೀಸು. "ಶನಿವಾರ ಡಾಕ್ಟರು ಬರ್ತಾರಲ್ಲ, ಅವರು ಎಲ್ಲ ಹೇಳ್ತಾರೆ" ಎಂದೆ. ಅವಳ ಮುಖ ಎಷ್ಟು ಹಗುರಾಯಿತೆಂದರೆ, ಈಗ ನೆನೆದರೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಶನಿವಾರ ಕೋಣೆಯ ಬಾಗಿಲು ಒರಗಿಸಿ, ನನ್ನನ್ನು ಜಗಲಿಯಲ್ಲಿ ಕಾವಲಿಗೆ ನಿಲ್ಲಿಸಿದರು. ಬಾಗಿಲ ಪಕ್ಕದ ಕಿಟಕಿಯ ಪಡಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಸಂದಿಯಿಂದ ಒಳಗೆಲ್ಲ ಕಾಣುತ್ತಿತ್ತು. ಹುಡುಗಿಯರು ನೆಲದ ಮೇಲೆ, ಅವರ ಬೆನ್ನಿಗೆ ತಾಯಂದಿರು. ಡಾಕ್ಟರು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡಿದರು. ನನಗೆ ಒಂದೊಂದು ಮಾತೂ ತಿಳಿಯುತ್ತಿತ್ತು. ಐದು ನಿಮಿಷದ ನಂತರ ನಿಲ್ಲಿಸಿ ಹೊಲಿಗೆ ಟೀಚರನ್ನು ನೋಡಿದರು. ಪಾಪ, ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೇಳಿದರು: "ದಿನಾ ಸ್ನಾನ ಮಾಡಬೇಕಂತೆ."

ಡಾಕ್ಟರು ಮತ್ತೆ ಐದು ನಿಮಿಷ ಮಾತಾಡಿದರು. "ಬಟ್ಟೆ ಬಿಸಿಲಿಗೆ ಹಾಕಬೇಕಂತೆ." ಮತ್ತೆ ಹತ್ತು ನಿಮಿಷ. "ಹೆದರಬಾರದಂತೆ. ದೊಡ್ಡವರು ಹೇಳಿದ ಹಾಗೆ ಕೇಳಬೇಕಂತೆ."

ಆ ಹುಡುಗಿ ಎರಡನೆಯ ಸಾಲಿನಲ್ಲಿದ್ದಳು. ಡಾಕ್ಟರು ಕಪ್ಪು ಹಲಗೆಯಲ್ಲಿ ಚಿತ್ರ ಬರೆದು ತೋರಿಸುವಾಗ ಅವಳು ಬಾಯಿ ತೆರೆದು, ಡಾಕ್ಟರ ತುಟಿಗಳನ್ನೇ ನೋಡುತ್ತಿದ್ದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಂದು ಸಲ ತಳ್ಳಿದ್ದರೆ ಸಾಕಿತ್ತು. ಜಗಲಿಯ ಆ ತುದಿಯಲ್ಲಿ ಸಂಚಾಲಕರು ಕುರ್ಚಿ ಹಾಕಿಸಿಕೊಂಡು ಪೇಪರು ಓದುತ್ತಿದ್ದರು. ಅಮ್ಮ ನೆನಪಾದಳು, ತಂಗಿಯರು ನೆನಪಾದರು. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತೇ ಇದ್ದೆ.

ಮುಗಿದ ಮೇಲೆ ಎಲ್ಲರಿಗಿಂತ ಮೊದಲು ಹೊರಗೆ ಬಂದವಳು ಅವಳು.

"ಟೀಚರ್, ನೀವು ಕಿಟಕಿಯ ಹತ್ರ ಇದ್ದಿರಲ್ಲ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದು ಅಷ್ಟೇನಾ?"

ಮೂರು ಹೆಜ್ಜೆ ಹಿಂದೆ ಅವಳ ತಾಯಿ ಕೊಡೆ ಹಿಡಿದು ನಿಂತಿದ್ದರು. ಸಂಚಾಲಕರು ಪೇಪರು ಮಡಚುತ್ತಿದ್ದರು.

"ಅಷ್ಟೇ" ಎಂದೆ.

ಜೂನಿನಲ್ಲಿ ನನಗೆ ಖಾಯಂ ಆಯಿತು. ಸಂಚಾಲಕರು ಕಾಗದ ಕೊಡುತ್ತಾ, "ನೀವು ತಗ್ಗಿ ಬಗ್ಗಿ ನಡೆಯುವವರು ಟೀಚರ್, ಶಾಲೆಗೆ ಅಂಥವರೇ ಬೇಕು" ಎಂದು ಹೊಗಳಿದರು. ಅಷ್ಟರಲ್ಲಿ ಆ ಹುಡುಗಿ ಬೊಂಬಾಯಿ ಸೇರಿ ಆಗಿತ್ತು.

ಏಳೆಂಟು ವರ್ಷಗಳ ನಂತರ, ಮದುವೆಯಾಗಿ ನಾನು ಕಾಪುವಿನಲ್ಲಿದ್ದಾಗ, ಅಲ್ಲಿಯ ಬಸ್‌ಸ್ಟಾಪಿನಲ್ಲಿ ಯಾರೋ "ಟೀಚರ್" ಎಂದು ಕರೆದರು. ಅವಳೇ. ಸೊಂಟದಲ್ಲಿ ಒಂದು ಮಗು. ನೆಂಟರ ಮನೆಗೆ ಬಂದಿದ್ದವಳು, ತಿರುಗಿ ತವರಿಗೆ ಹೊರಟಿದ್ದಳು. ಗಂಡ ಕೆಟ್ಟವನಲ್ಲ ಎಂದಳು. ನಾನು ಕೇಳದೆಯೇ ಹೇಳಿದಳು.

"ಮೊದಲಿನ ಒಂದು ವರ್ಷ ಮಾತ್ರ ಕಷ್ಟ, ಟೀಚರ್. ಎಂತ ಆಗ್ತಾ ಉಂಟು ಅಂತಲೇ ತಿಳಿಯಲಿಲ್ಲ. ಸತ್ತೇ ಹೋಗ್ತೇನೆ ಅಂತ ಅನಿಸಿತ್ತು. ಎಲ್ಲರಿಗೂ ಬೈದಿದ್ದೇನೆ, ಅಮ್ಮನಿಗೆ, ಹೊಲಿಗೆ ಟೀಚರಿಗೆ. ನಿಮಗೆ ಮಾತ್ರ ಬೈಯಲಿಲ್ಲ."

"ಯಾಕೆ?"

"ನಿಮಗೂ ಆಗ ಮದುವೆ ಆಗಿರಲಿಲ್ಲ. ಪಾಪ, ನಿಮಗೂ ಗೊತ್ತಿರಲಿಲ್ಲ, ಅಲ್ವಾ?"

ಈಗ ಸಂಚಾಲಕರು ಎದುರಿಗಿರಲಿಲ್ಲ, ಕೊಡೆ ಹಿಡಿದ ತಾಯಿ ಇರಲಿಲ್ಲ, ನನ್ನ ಕೆಲಸ ಯಾರ ಕೈಯಲ್ಲೂ ಇರಲಿಲ್ಲ.

"ಹೌದು, ಗೊತ್ತಿರಲಿಲ್ಲ" ಎಂದೆ.

ಉಡುಪಿ ಬಸ್ಸು ಬಂತು. ಅವಳು ನನ್ನ ಚೀಲವನ್ನೂ ತಾನೇ ಎತ್ತಿಕೊಂಡು ಹತ್ತಿ, ಕಿಟಕಿಯ ಬದಿಯನ್ನು ನನಗೆ ಬಿಟ್ಟುಕೊಟ್ಟು, ನನ್ನ ಪಕ್ಕದಲ್ಲೇ ಕೂತಳು.